ಅಕ್ಕೋರು ಓದಲಾಗದ ಪತ್ರ

ನಿನ್ನೆ ಕಾರವಾರದಲ್ಲಿ ಕಣ್ಣಿನ ಡಾಕ್ಟರು ಗೋಡೆಯ ಫಲಕ ತೋರಿಸಿ, ಕೊನೆಯ ಸಾಲು ಓದಿ ಎಂದರು. ಧೈರ್ಯವಾಗಿ ಓದಿದೆ. ನಾನು ಹೇಳಿದ ಒಂದು ಅಕ್ಷರವೂ ಆ ಸಾಲಿನಲ್ಲಿ ಇರಲಿಲ್ಲವಂತೆ. ಕನ್ನಡಕದ ಚೀಟಿ ಹಿಡಿದು ಹೊರಬಂದಾಗ ಬೇಜಾರಾಗಬೇಕಿತ್ತು; ಬಂದದ್ದು ನಗು. ನೆನಪಾದವರು ಸುಶೀಲಾ ಅಕ್ಕೋರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಹಟ್ಟಿಕೇರಿಯಲ್ಲಿ ನನಗೆ ಅಕ್ಷರ ತಿದ್ದಿಸಿದವರು ಇವರು. ಬೋರ್ಡಿನ ಮೇಲೆ ಬರೆದಾದ ಮೇಲೆ ಸೀದಾ ಹಿಂದೆ ನಡೆದು ಬಂದು, ನಮ್ಮ ನಡುವೆ ನೆಲದ ಮೇಲೆ ಕೂತು ತಾವೇ ನೋಡುತ್ತಿದ್ದರು. ಕಾಣಿಸದಿದ್ದರೆ ಎದ್ದು ಹೋಗಿ ಅಳಿಸಿ, ದೊಡ್ಡದಾಗಿ ಬರೆಯುತ್ತಿದ್ದರು. ಇಂಥವರ ಶಿಷ್ಯ ಮಾಡಿದ ಘನಕಾರ್ಯ ಕೇಳಿ.

ನನ್ನದೊಂದು ಬ್ಲಾಗ್ ಇದೆ: ಕರಾವಳಿಯ ಅಡುಗೆ, ಗಿಡಮರ, ಊರ ಸುದ್ದಿ. ಅದರಲ್ಲಿ ಬರೆದದ್ದು ಪ್ರತಿ ಭಾನುವಾರ ಓದುಗರಿಗೆ ಇಮೇಲ್ ಪತ್ರವಾಗಿ ಹೋಗುತ್ತದೆ. ಎರಡು ವರ್ಷದ ಹಿಂದೆ ಆ ಪತ್ರವನ್ನು ಚೆಂದ ಮಾಡುವ ಹುಚ್ಚು ಹಿಡಿಯಿತು. ಅಕ್ಕಪಕ್ಕ ಎರಡು ಕಾಲಂ, ಹಿನ್ನೆಲೆಗೆ ಕಾರವಾರದ ಕಡಲು, ಅದರ ಮೇಲೆ ತೆಳು ಬೂದಿ ಬಣ್ಣದ ಸಣ್ಣ ಅಕ್ಷರ. ನನ್ನ ದೊಡ್ಡ ಪರದೆಯಲ್ಲಿ ಅದು ಶ್ರೀಮಂತರ ಮದುವೆ ಕರೆಯೋಲೆಯ ಹಾಗೆ ಕಾಣುತ್ತಿತ್ತು. ಓದುಗರು ಯಾರೂ ಏನೂ ಹೇಳಲಿಲ್ಲ. ಮೆಚ್ಚಿ ಮೂಕರಾಗಿದ್ದಾರೆ ಎಂದುಕೊಂಡೆ.

ತಿಂಗಳ ಮೇಲೆ ಅಂಕೋಲೆಗೆ ಹೋದವನು ಕಂಪ್ಯೂಟರಿನ ಚೀಲದ ಸಮೇತ ಅಕ್ಕೋರ ಮನೆ ಹೊಕ್ಕೆ. ಜಗಲಿಯಲ್ಲಿ ಅವರ ಯಜಮಾನರು ಪುಸ್ತಕಗಳನ್ನು ಹುರಿಯಿಂದ ಕಟ್ಟುತ್ತಿದ್ದರು.

"ಲೈಬ್ರರಿಗೆ ಕೊಟ್ಬಿಡ್ತೆ ತಮ್ಮಾ," ಎಂದರು ಅಕ್ಕೋರು. "ನನ್ ಕಣ್ ಮುಗೀತು. ನಾಕು ವಾರದಿಂದ ನಿನ್ನ ಪತ್ರ ಓದೂಕೆ ನೋಡ್ತೆ, ಕಣ್ಣಲ್ಲಿ ನೀರು ಬರೂದೊಂದೇ."

"ಡಾಕ್ಟರಿಗೆ ತೋರ್ಸಿದ್ರಾ?"

"ಅವ್ಳಿಗೆ ಹೆದ್ರಿಕೆ," ಎಂದರು ಯಜಮಾನರು, ಗಂಟು ಬಿಗಿಯುತ್ತ. ಆ ಹೆದರಿಕೆಯಲ್ಲಿ ಅಕ್ಕೋರು ಒಂದು ಪುಸ್ತಕವನ್ನೂ ತೆರೆದಿರಲಿಲ್ಲವಂತೆ.

ಅವರ ಫೋನು ಇಸಿದುಕೊಂಡು ನನ್ನ ಪತ್ರ ತೆರೆದೆ. ಫೋನಿನಲ್ಲಿ ಅದನ್ನು ನೋಡಿದ್ದು ಅದೇ ಮೊದಲು. ಎರಡೂ ಕಾಲಂಗಳು ಆ ಇಕ್ಕಟ್ಟಿನಲ್ಲಿ ಒತ್ತಿಕೊಂಡು ನಿಂತಿದ್ದವು, ಅಕ್ಷರಗಳು ತೆರೆಯ ನೊರೆಯಲ್ಲಿ ಮುಳುಗಿದ್ದವು. ಬರೆದ ನನಗೇ ಒಂದು ವಾಕ್ಯ ಪೂರ್ತಿ ಓದಲಾಗಲಿಲ್ಲ. ಕಟ್ಟಿನಿಂದ ಒಂದು ಪುಸ್ತಕ ಎಳೆದು ಅಕ್ಕೋರ ಕೈಗಿಟ್ಟೆ. ಅಂಜುತ್ತ ಕನ್ನಡಕ ಏರಿಸಿ ಒಂದು ಸಾಲು ಓದಿದರು. ಇನ್ನೊಂದು ಸಾಲು. ಆಮೇಲೆ ಪುಟ ಮುಗಿಯುವವರೆಗೂ ಗಟ್ಟಿಯಾಗಿ, ಶಾಲೆಯ ದನಿಯಲ್ಲೇ ಓದಿದರು.

"ಹಂಗಾರೆ ಕಣ್ ಸರಿ ಅದೆ!"

"ಕಣ್ಣು ಸರಿ ಇದೆ ಅಕ್ಕೋರೇ. ನನ್ನ ಪತ್ರ ಸರಿ ಇಲ್ಲ."

ಯಜಮಾನರ ಕೈ ನಿಂತಿತು. ಅಕ್ಕೋರು ನನ್ನನ್ನೇ ದಿಟ್ಟಿಸಿದರು. "ಕಂಪ್ಯೂಟರ್ ತಂದಿದ್ಯಲ್ಲ, ತೆಗಿ. ಈಗ್ಲೇ ಸರಿ ಮಾಡು."

ಚಹಾ ಬಂತು, ಪಾಠ ಶುರುವಾಯಿತು. "ಈ ಸಮುದ್ರ ಎಂತಕ್ಕೆ? ಸಮುದ್ರ ನೋಡೂಕೆ ನಾ ಬೇಲೇಕೇರಿಗೆ ಹೋಗ್ತೆ." ಸಮುದ್ರ ಹೋಯಿತು. ಬೂದಿ ಕಪ್ಪಾಯಿತು, ಎರಡು ಕಾಲಂ ಒಂದಾಯಿತು. ಅಕ್ಷರ ಹಿಗ್ಗಿಸಿದರೆ "ಮತ್ತೆ" ಎಂದರು. ಇನ್ನೂ ಹಿಗ್ಗಿಸಿದರೆ ಇನ್ನೊಂದು "ಮತ್ತೆ". ಉದ್ದನೆಯ ಪ್ಯಾರಾ ಕಂಡು, "ಉಸಿರು ಬಿಡೂಕೆ ಜಾಗ ಇಡೋ" ಎಂದು ಕತ್ತರಿಸಿದರು. ರಾಶಿ ಬಿದ್ದಿದ್ದ ಅಡುಗೆಯ ವಿವರಕ್ಕೆ ಒಂದು, ಎರಡು ಎಂದು ಅಂಕಿ ಬಂತು. ಪ್ರತಿ ಬದಲಾವಣೆಯೂ ಅವರ ಫೋನಿಗೆ ಹೋಗಿ ಪಾಸಾಗಬೇಕಿತ್ತು. ಅಷ್ಟರಲ್ಲಿ ಯಜಮಾನರು ಯಾರೂ ಹೇಳದೆಯೇ ಹುರಿ ಬಿಚ್ಚಿ, ಪುಸ್ತಕಗಳನ್ನು ಕಪಾಟಿಗೆ ಏರಿಸಿ ಮುಗಿಸಿದ್ದರು.

ಮುಂದಿನ ವಾರ ಅಕ್ಕೋರ ಫೋನು ಬಂತು. "ಪೂರ್ತಿ ಓದ್ದೆ ತಮ್ಮಾ." ನಾನು ಉಬ್ಬಿಹೋದೆ.

"ಕಾಡುಮಾವಿನ ಸಾಸಿವೆ ಮಾಡೂದು ಬರ್ದಿದ್ಯಲ್ಲ, ಮೂರನೇ ಅಂಕಿಗೂ ಉಪ್ಪು, ಆರನೇ ಅಂಕಿಗೂ ಉಪ್ಪು. ನೀ ಬರ್ದಂಗೇ ಮಾಡ್ದೆ. ನಮ್ಮವ್ರು ಒಂದ್ ತುತ್ತು ತಿಂದು ಒಂದ್ ಚೊಂಬು ನೀರು ಕುಡದ್ರು."

ಅಂದಿನಿಂದ ಪತ್ರ ಶನಿವಾರವೇ ಅವರಿಗೆ ಹೋಗುತ್ತದೆ, ಉಳಿದವರಿಗೆ ಮರುದಿನ. ಅಂದಚೆಂದದಲ್ಲಿ ಮುಚ್ಚಿಹೋಗುತ್ತಿದ್ದ ನನ್ನ ತಪ್ಪುಗಳಿಗೆ ಈಗ ಅಡಗಲು ಜಾಗವಿಲ್ಲ. ಹಾಗಾಗಿ ಒಂದು ವಾಕ್ಯ ಬರೆಯಲು ಮೊದಲಿನ ಎರಡರಷ್ಟು ಹೊತ್ತು ಹಿಡಿಯುತ್ತದೆ. ಈ ವಾರದ್ದನ್ನು ಈಗಷ್ಟೇ ಕಳಿಸಿ ಕೂತಿದ್ದೆ. ಹತ್ತು ನಿಮಿಷವೂ ಆಗಿಲ್ಲ, ಫೋನು ಬಂತು.

"ತಮ್ಮಾ," ಎಂದರು ಅಕ್ಕೋರು ಉತ್ಸಾಹದಿಂದ, "ಪೆನ್ನು ತಕಾ."