ಕಮಾನಿನ ನಡುಕ

ಇವತ್ತು ಬೆಳಿಗ್ಗೆ ವಾಯೊಲಿನ್ನಿನ ಪೆಟ್ಟಿಗೆ ತೆರೆದಾಗ ರಾಳದ ವಾಸನೆ ಮೂಗಿಗೆ ಬಂತು. ಕಮಾನಿನ ಕುದುರೆಕೂದಲಿಗೆ ತಿಕ್ಕುವ ಜೇನುಬಣ್ಣದ ಗಟ್ಟಿ ಅದು. ತಿಕ್ಕದಿದ್ದರೆ ಕಮಾನು ತಂತಿಯ ಮೇಲೆ ಸುಮ್ಮನೆ ಜಾರುತ್ತದೆ, ಸದ್ದೇ ಹುಟ್ಟುವುದಿಲ್ಲ. ಹೆಚ್ಚುಕಡಿಮೆ ಧೂಪದ್ದೇ ವಾಸನೆ. ನಿಮಗಾದರೆ ಭಕ್ತಿ ಬಂದೀತು. ನನಗೆ ಪೆಟ್ಟಿಗೆ ಮತ್ತೆ ಮುಚ್ಚಿಡಬೇಕೆನಿಸುತ್ತದೆ. ಈ ವಾದ್ಯದ ಮುಂದೆ ನಾನು ಹೆದರದೆ ಕೂತ ದಿನವೇ ಇಲ್ಲ.

ಮೊದಲು ಇದ್ದದ್ದು ನೆರೆಹೊರೆಯವರ ಹೆದರಿಕೆ. ವಾಯೊಲಿನ್ ತಂದದ್ದು ಮಗಳಿಗೆ. ಅವಳು ನಾಲ್ಕು ದಿನ ಕೊಯ್ದು ಕಪಾಟಿನ ಮೇಲೆಸೆದಳು. ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಬೆನ್ನು ಬಾಗಿಸಿಕೊಂಡ ನಾನು, ಐವತ್ತರ ಹತ್ತಿರ ಬಂದು, ಯಾವ ಹುಮ್ಮಸ್ಸಿನಲ್ಲಿ ಅದನ್ನು ಕೆಳಗಿಳಿಸಿದೆನೋ! ಬೆಳಗಾವಿಯ ನಮ್ಮ ರಾಮತೀರ್ಥ ನಗರದಲ್ಲಿ ಮನೆಗಳು ಶಿಸ್ತಾಗಿ ಸಾಲುಗಟ್ಟಿವೆ, ಕಿಟಕಿಗೆ ಕಿಟಕಿ ಎದುರು. ನಾನು ಮೊದಲ ಷಡ್ಜ ಎಳೆದೊಡನೆ ಎದುರುಮನೆಯ ಕಿಟಕಿ ಮುಚ್ಚಿತು. ಸಂಜೆ ಆ ಮನೆಯಾಕೆ ಗೇಟಿನ ಬಳಿ ಕೇಳಿದರು: “ಬಾಗಲಾ ಭಾಳ ಕಿರಗುಟ್ಟಾಕತ್ತೈತಲ್ಲರಿ, ಒಂದೀಟು ಎಣ್ಣಿ ಬಿಡಬಾರದ?”

“ಬಿಡತೀನ್ರಿ,” ಎಂದು ಒಳಗೆ ಬಂದೆ.

ಹಾಗಾಗಿ ಕಲಿಯಲು ನೇಕಾರರ ಬಡಾವಣೆ ವಡಗಾವಿಗೆ ಹೋಗುವುದೇ ನೆಮ್ಮದಿ. ಕಲಿಸುವ ಟೀಚರನ್ನು ಎಲ್ಲರೂ ಬಾಯಾರು ಎನ್ನುತ್ತಾರೆ; ಅವರ ಮನೆಯ ಎರಡೂ ಬಾಜು ಕರೆಂಟಿನ ಮಗ್ಗಗಳು. ಖಟಖಟ ಸದ್ದಿಗೆ ನೆಲವೇ ಅದುರುತ್ತದೆ. ಚಾಪೆಯ ಮೇಲೆ ಕೂತು, ವಾಯೊಲಿನ್ನಿನ ತುದಿಯನ್ನು ಬಲಪಾದದ ಮೇಲೂರಿ ನಾನು ಏನು ಕೊಯ್ದರೂ ಆ ಸದ್ದು ನುಂಗಿಹಾಕುತ್ತಿತ್ತು. ಬಾಯಾರಿಗೂ ಅಷ್ಟು ಕೇಳುತ್ತಿರಲಿಲ್ಲವೆಂದೇ ನನ್ನನ್ನು ಇಟ್ಟುಕೊಂಡರೇನೋ.

ಒಂದು ದಿನ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನನ್ನ ಕಮಾನು ಮಾತ್ರ ನಡೆದಿತ್ತು. ಅಂದು ನನ್ನ ಸ್ವರವನ್ನು ಮೊದಲ ಸಲ ಸರಿಯಾಗಿ ಕೇಳಿದೆ. ಅದು ನೇರವಾಗಿ ಹೋಗುತ್ತಿರಲಿಲ್ಲ, ನಡುಗುತ್ತಿತ್ತು. ಕೈ ನೋಡಿಕೊಂಡೆ. ಕೈಯೂ ನಡುಗುತ್ತಿತ್ತು.

“ಬಿಗಿ ಹಿಡದೀರಿ, ಅದಕ್ಕ ನಡಗತೈತಿ,” ಎಂದರು ಬಾಯಾರು. “ಹೊಸಾದಾಗಿ ಕಲಿಯೋರದು ಎಲ್ಲಾರದೂ ಹಂಗs. ಅಂಜಬ್ಯಾಡ್ರಿ.”

ಅಂಜದೆ ಹೇಗಿರಲಿ? ನಾನು ನಮ್ಮಪ್ಪನ ಮಗಳು.

ಖಾನಾಪುರದ ತವರುಮನೆಯಲ್ಲಿ ಅಪ್ಪನ ಬಲಗೈ ನಡುಗುತ್ತಿತ್ತು. ಕಪ್ಪು ಎತ್ತಿದರೆ ಕೆಳಗಿನ ಬಸಿಗೆ ಬಡಿದು ಟಕಟಕ ಸದ್ದು. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನಮ್ಮ ಜೊತೆಯಲ್ಲೇ ಇದ್ದ ಅಪ್ಪನ ತಂಗಿ, ನಮ್ಮ ಆತ್ಯಾ, ಎಲ್ಲರಿಗೂ ತುಂಬ ಚಹಾ ಹಾಕಿ ಅಪ್ಪನಿಗೆ ಮಾತ್ರ ಅರ್ಧ ಕಪ್ಪು ಹಾಕುತ್ತಿದ್ದಳು, ಚೆಲ್ಲಬಾರದೆಂದು. ಅದು ಮುಗಿದ ಮೇಲೆ ಇನ್ನರ್ಧ. ಬರಬರುತ್ತ ಅಪ್ಪನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದಾಯಿತು. ಕಡೆಗೆ ಅವ್ವ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿಕೊಂಡು ಉಣ್ಣುತ್ತಿದ್ದ. ಅವನು ಹೋಗಿ ಎಷ್ಟೋ ವರ್ಷವಾದರೂ ಆ ಮುಚ್ಚಿದ ಕಣ್ಣು ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ಕರೆಂಟು ಹೋದ ಆ ದಿನದಿಂದ ನನ್ನ ಕೈಗೆ ನಾನೇ ಪರೀಕ್ಷೆ ಇಡತೊಡಗಿದೆ. ಚಮಚದಲ್ಲಿ ನೀರು ಹಿಡಿಯುವುದು, ಸೂಜಿಗೆ ದಾರ ಪೋಣಿಸುವುದು. ಹೆದರಿದರೆ ಕೈ ನಡುಗುತ್ತಿತ್ತು. ನಡುಗಿದ್ದು ಕಂಡು ಇನ್ನಷ್ಟು ಹೆದರುತ್ತಿದ್ದೆ. ಇದು ಹೊಸಬರ ನಡುಕವೋ, ಅಪ್ಪನ ನಡುಕವೋ? ಡಾಕ್ಟರ ಹತ್ತಿರ ಹೋಗಲು ಧೈರ್ಯ ಸಾಲದು. ಗಂಡನಿಗೂ ಹೇಳಲಿಲ್ಲ. ಹೇಳಿಬಿಟ್ಟರೆ ಖರೇ ಆಗಿಬಿಡುತ್ತದೇನೋ ಎಂಬ ಹುಚ್ಚು.

ಕೊನೆಗೊಂದು ಉಪಾಯ ಹೊಳೆಯಿತು. ಅಪ್ಪನ ಕೈಯನ್ನು ಮೊದಲ ದಿನದಿಂದ ನೋಡಿದವಳು ಆತ್ಯಾ. ಅವಳ ಕಣ್ಣು ತಪ್ಪುವುದಿಲ್ಲ. ಒಂದು ಭಾನುವಾರ ಇವರೊಂದಿಗೆ ಖಾನಾಪುರಕ್ಕೆ, ಅಣ್ಣ ಮತ್ತು ಆತ್ಯಾ ಇರುವ ಮನೆಗೆ, ಹೋಗುವಾಗ ವಾಯೊಲಿನ್ನನ್ನೂ ಒಯ್ದೆ.

“ವಾಜವ ಬಾಳಾ, ಕೇಳೂಣು,” ಎಂದಳು ಆತ್ಯಾ ಮರಾಠಿ ಕನ್ನಡ ಕಲಸಿ, ನುಡಿಸು ಮಗಳೇ ಎಂದು.

ಸರಿಗಮ ನುಡಿಸಿದೆ. ಅಣ್ಣ ನನ್ನ ಮುಖ ನೋಡಿ ನಗು ತಡೆದುಕೊಳ್ಳುತ್ತಿದ್ದ. ಇವರು ವಾಚು ನೋಡಿಕೊಳ್ಳುತ್ತಿದ್ದರು. ಆತ್ಯಾ ಮಾತ್ರ ನನ್ನ ಮಣಿಕಟ್ಟನ್ನೇ ನೋಡುತ್ತಿದ್ದಳು. ಮುಗಿದಾಗ ಎದ್ದು ಅಡುಗೆಮನೆಗೆ ಹೋದಳು. “ಛಲೋ ಆತು ಬಿಡವಾ,” ಎಂದ ಅಣ್ಣ. ನನಗೂ ಹಾಯೆನಿಸಿತು. ಏನಾದರೂ ಇದ್ದಿದ್ದರೆ ಹೇಳದೆ ಇರುತ್ತಿದ್ದಳೇ?

ಚಹಾ ಬಂತು. ಅಣ್ಣನಿಗೆ ತುಂಬ ಕಪ್ಪು, ಇವರಿಗೆ ತುಂಬ ಕಪ್ಪು. ನನ್ನದು ಅರ್ಧ.

“ಹಾಲು ಕಡಿಮಿ ಬಿತ್ತೇನು ಆತ್ಯಾ?” ಎಂದು ಕೇಳಿದೆ.

“ಇಲ್ಲ ಬಾಳಾ,” ಎಂದು ಅವಳು ಬೇರೆ ಕಡೆ ಮುಖ ತಿರುಗಿಸಿದಳು. “ಅದನ್ನ ಕುಡಿ, ಆಮ್ಯಾಲೆ ಮತ್ತ ಹಾಕತೀನಿ.”

ವಾಪಸು ಬರುವಾಗ ದಾರಿಯಲ್ಲೇ ಇವರಿಗೆ ಎಲ್ಲ ಹೇಳಿದೆ. ಬೆಳಗಾವಿಯ ಡಾಕ್ಟರು ಕೈ ಮುಂದೆ ಚಾಚಿಸಿ ನೋಡಿ, ಅಪ್ಪನ ಕಥೆ ಕೇಳಿ, ಹೌದು, ಅದೇ ನಡುಕ ಎಂದರು. ಮನೆತನದಲ್ಲಿ ಬರುವಂಥದ್ದೇ. ಹೆಚ್ಚಬಹುದು, ಇದ್ದಲ್ಲೇ ಇರಲೂಬಹುದು, ಮೊದಲೇ ಹೇಳಲಾಗದು. ಬಾಯಾರಿಗೆ ತಿಳಿಸಿದಾಗ ಅವರು, “ಹಂಗಾರ ಸಾವಕಾಶ ಎಳೀರಿ,” ಎಂದರು. ಅಷ್ಟೇ. ಈಗ ಪ್ರತಿ ಬೆಳಿಗ್ಗೆ ಮೊದಲ ಸ್ವರ ಎಳೆಯುವಾಗ ಕಿವಿಗೊಡುತ್ತೇನೆ, ನಡುಕ ನಿನ್ನೆಗಿಂತ ಹೆಚ್ಚಿದೆಯೇ ಎಂದು.

ಇವತ್ತೂ ರಾಳ ತಿಕ್ಕುತ್ತ ಕೂತಿದ್ದೆ. ಇವರು ಚಹಾ ತಂದಿಟ್ಟರು. ಅರ್ಧ ಕಪ್ಪು. ಡಾಕ್ಟರ ಬಳಿ ಹೋಗಿಬಂದಂದಿನಿಂದ ಇವರೂ ಅಷ್ಟೇ ಹಾಕುತ್ತಾರೆ. ಹೇಳಲಿಲ್ಲ, ಕೇಳಲಿಲ್ಲ. ನಾನೂ ಇಷ್ಟು ದಿನ ಸುಮ್ಮನೆ ಕುಡಿದಿದ್ದೆ.

“ತುಂಬ ಹಾಕ್ರಿ,” ಎಂದೆ.

“ಚೆಲ್ಲತೈತಿ...”

“ಚೆಲ್ಲಲಿ ಬಿಡ್ರಿ. ಒರಸಾಕ ನನಗ ಬರತೈತಿ.”

ಇವರು ನನ್ನನ್ನೊಮ್ಮೆ ನೋಡಿ ಕಪ್ಪು ತುಂಬಿಸಿದರು. ಎತ್ತಿದಾಗ ಬಸಿ ಟಕಟಕ ಎಂದಿತು, ಒಂದಿಷ್ಟು ಸೀರೆಯ ಮೇಲೂ ಬಿತ್ತು. ಹೆದರಿಕೆ ಇದ್ದಲ್ಲೇ ಇತ್ತು. ಕಣ್ಣು ತೆರೆದುಕೊಂಡೇ ಕಪ್ಪು ಖಾಲಿ ಮಾಡಿದೆ.