ಟಕ್ ಅನ್ನದ ಕ್ಯಾಮೆರಾ

ನನ್ನ ಹಳೆಯ ಕ್ಯಾಮೆರಾವನ್ನು ತೂಗಿದ್ದು ಗುಬ್ಬಿ ಹತ್ತಿರದ ಕಡಬದಲ್ಲಿ, ನನ್ನ ತಮ್ಮನ ಮನೆಯ ಕೊಬ್ಬರಿ ತಕ್ಕಡಿಯಲ್ಲಿ. ಕ್ಯಾಮೆರಾ, ಅದರ ಉದ್ದನೆಯ ಲೆನ್ಸು, ಮೇಲೆ ಕೂರುವ ಫ್ಲ್ಯಾಶು, ಮೂರೂ ಸೇರಿ ಎರಡು ಕೆಜಿಯ ಮೇಲೆ ಬಂತು. ತಮ್ಮ ಅಷ್ಟಕ್ಕೇ ಬಿಡಲಿಲ್ಲ. ಕಲ್ಲು ತೆಗೆದು ಆ ತಟ್ಟೆಗೆ ಸುಲಿದ ತೆಂಗಿನಕಾಯಿ ಇಡುತ್ತಾ ಹೋದ. ನಾಲ್ಕನೆಯ ಕಾಯಿಗೆ ಮುಳ್ಳು ಸಮ ನಿಂತಿತು.

"ನಾಕು ಕಾಯಿ ಕತ್ತಿಗೆ ನೇತಾಕ್ಕೊಂಡು ಊರೂರು ತಿರುಗಿದೀಯ ಕಣಕ್ಕ. ಕತ್ತು ನೋಯ್ದೆ ಇನ್ನೇನಾಗ್ತದೆ" ಅಂದ.

"ನಿನ್ ತಲೇನೂ ಇಡು, ಎಷ್ಟು ಕಾಯಿ ತೂಗ್ತದೆ ನೋಡಾಣ" ಅಂದೆ.

ತೂಗಿಸುವ ಹಾಗೆ ಮಾಡಿದ್ದು ತುಮಕೂರಿನ ಡಾಕ್ಟರು. ಎಡಗೈ ಬೆರಳು ಆಗಾಗ ಜೋಮು ಹಿಡಿಯುತ್ತಿತ್ತು, ತೋರಿಸಲು ಹೋಗಿದ್ದೆ. ಕತ್ತಿನ ಮೂಳೆ ಸವೆದಿದೆ, ಭಾರ ಎತ್ತಬೇಡಿ ಅಂದರು. ನೀರಿನ ಬಿಂದಿಗೆ ಎತ್ತುತ್ತೀರಾ ಎಂದು ಕೇಳಿದರು.

"ಬಿಂದಿಗೆ ಎತ್ತಲ್ಲ. ಕ್ಯಾಮೆರಾ ಎತ್ತೀನಿ" ಅಂದೆ.

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಪಕ್ಕದಲ್ಲಿದ್ದ ನಮ್ಮ ಯಜಮಾನರ ಮುಖ ನೋಡಿದರು. ಈ ಮುದುಕಿಗೆ ತಲೆ ಸರಿ ಇದೆಯೇ ಎಂದು ಕೇಳಿದ ಹಾಗಿತ್ತು.

"ನಿಜಾನೇ ಸಾರ್. ಅವ್ಳು ಕ್ಯಾಮೆರಾ ಎತ್ತೋಳು, ನಾನು ಬ್ಯಾಗ್ ಎತ್ತೋನು" ಅಂದರು ಯಜಮಾನರು.

ಗುಬ್ಬಿಯಲ್ಲಿ ಯಜಮಾನರದೊಂದು ಸ್ಟುಡಿಯೋ ಇತ್ತು. ಆಗ ಬಾಣಂತಿ ಕೋಣೆಗೆ, ಮೈನೆರೆದ ಹುಡುಗಿಯ ಆರತಿಗೆ, ಬಸುರಿಯ ಬಳೆ ಶಾಸ್ತ್ರಕ್ಕೆ ಗಂಡಸರನ್ನು ಒಳಗೆ ಬಿಡುತ್ತಿರಲಿಲ್ಲ. ಫೋಟೊ ಮಾತ್ರ ಬೇಕು. ಅದಕ್ಕೆ ಯಜಮಾನರು ಹೊರಗೆ ಜಗಲಿಯ ಮೇಲೆ ಎಲ್ಲ ಹೊಂದಿಸಿ ನನ್ನ ಕೈಗೆ ಕೊಟ್ಟು, "ನೀನು ಏನೂ ಯೋಚನೆ ಮಾಡ್ಬೇಡ, ಗುಂಡಿ ಒತ್ತು ಅಷ್ಟೆ" ಎಂದು ಒಳಗೆ ಕಳಿಸುತ್ತಿದ್ದರು. ಒಂದೆರಡು ವರ್ಷದಲ್ಲಿ ಜನ ನನ್ನನ್ನೇ ಕೇಳಿಕೊಂಡು ಬರತೊಡಗಿದರು. ಯಜಮಾನರಿಗೆ ಅದು ಇವತ್ತಿಗೂ ಪೂರ್ತಿ ಅರಗಿಲ್ಲ. ನಾನು ತೆಗೆದ ಫೋಟೊದಲ್ಲಿ ಎಲ್ಲರ ತಲೆಯೂ ಎಡಕ್ಕೆ ವಾಲುತ್ತದಂತೆ.

ಸ್ಟುಡಿಯೋ ಮುಚ್ಚಿ ಬಹಳ ವರ್ಷವಾಯಿತು. ಈಗ ನಾವಿರುವುದು ತುಮಕೂರಿನ ಸದಾಶಿವನಗರದಲ್ಲಿ, ಮಗಳ ಜೊತೆ. ಕೆಲಸಕ್ಕೆ ಕರೆಯುವ ಮನೆಗಳು ಒಂದೊಂದೇ ಉದುರಿ ಮೂರು ಉಳಿದಿದ್ದವು. ಅದರಲ್ಲಿ ದೊಡ್ಡದು ಕುಣಿಗಲ್‌ನ ಒಂದು ಮನೆ. ಆ ಮನೆಯ ಹುಡುಗಿಯ ನಾಮಕರಣ, ಕಿವಿ ಚುಚ್ಚಿಸಿದ್ದು, ಆರತಿ, ಮದುವೆಯ ಅರಿಶಿನ ಎಲ್ಲ ನಾನೇ ತೆಗೆದದ್ದು. ಈಗ ಅವಳು ಬಸುರಿ. ಬಳೆ ಶಾಸ್ತ್ರಕ್ಕೆ ನನಗೆ ಹೇಳಿಕಳಿಸಿದ್ದರು. ಅದಾದ ಮೇಲೆ ಅವಳ ಮಗುವಿನ ನಾಮಕರಣವೂ ನನ್ನ ಕೈಯಲ್ಲೇ ಆಗಬೇಕು ಎಂದು ನನಗೆ ಆಸೆ. ಹೆಚ್ಚೇನೂ ಇಲ್ಲ, ಅಷ್ಟೇ ಆಸೆ. ಈ ಮನೆಯವರೂ ಬೇರೆಯವರನ್ನು ನೋಡಿಕೊಂಡರೆ ನಾನು ಟಿವಿ ಮುಂದೆ ಕೂತು ಯಜಮಾನರ ಕೆಮ್ಮು ಎಣಿಸಬೇಕಾಗುತ್ತದೆ.

ಮಗಳು ಒಂದು ಭಾನುವಾರ ಅಂಗಡಿಗೆ ಕರೆದುಕೊಂಡು ಹೋಗಿ, ಹಳೆಯದನ್ನು ಕೊಟ್ಟು ಹೊಸದನ್ನು ಕೊಡಿಸಿದಳು. ಹೊಸದು ಅಂಗೈ ಅಗಲ. ಹಳೆಯದರ ಒಳಗೆ ಒಂದು ಕನ್ನಡಿ ಇರುತ್ತದೆ, ಇದರಲ್ಲಿ ಆ ಕನ್ನಡಿಯೇ ಇಲ್ಲ, ಅದಕ್ಕೇ ಹಗುರ ಎಂದು ಅಂಗಡಿಯವರು ತಿಳಿಸಿ ಹೇಳಿದರು. ಹೇಳುತ್ತಾ ಹೇಳುತ್ತಾ ನನ್ನ ಹಳೆಯ ಕ್ಯಾಮೆರಾದ ಮೇಲಿನ ಉಗುರುಬಣ್ಣವನ್ನು ಕೆರೆಯತೊಡಗಿದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಅಕ್ಷರ ಹಿಡಿಯುವುದಿಲ್ಲ. ಹಾಗಾಗಿ ಮನೆಯೊಳಗಿನ ಫೋಟೊಗೆ ಚಕ್ರದ ಮೇಲೆ ಕೆಂಪು ಬೊಟ್ಟು, ಬಿಸಿಲಿಗೆ ಬಿಳಿ ಬೊಟ್ಟು, ಸಂಜೆಗೆ ಗುಲಾಬಿ ಬೊಟ್ಟು ಇಟ್ಟುಕೊಂಡಿದ್ದೆ. ಹೊಸದರಲ್ಲಿ ಎಲ್ಲವೂ ಪರದೆಯ ಒಳಗೆ. ಬೊಟ್ಟು ಎಲ್ಲಿ ಇಡಲಿ?

"ನಾನೇ ಸೆಟ್ ಮಾಡಿದೀನಿ ಅಮ್ಮ. ಫ್ಲ್ಯಾಶೂ ಬೇಡ ಇದಕ್ಕೆ. ನೀನು ಏನೂ ಮುಟ್ಬೇಡ, ಗುಂಡಿ ಒತ್ತು ಅಷ್ಟೆ" ಅಂದಳು ಮಗಳು. ಇವಳೂ ಅಪ್ಪನ ಮಾತನ್ನೇ ಆಡಿದಳು.

ಮನೆಯಲ್ಲಿ ಒಂದು ವಾರ ಅಭ್ಯಾಸ ಮಾಡಿದೆ. ಯಜಮಾನರನ್ನು ಕುರ್ಚಿಯಲ್ಲಿ ಕೂರಿಸಿ ಒತ್ತಿದೆ, ತುಳಸಿ ಗಿಡ ನೋಡಿ ಒತ್ತಿದೆ. ಚಿತ್ರ ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ನನ್ನ ಕಿವಿ ಹೋಯಿತು ಎಂದು ತಿಳಿದೆ. ಯಜಮಾನರ ಕಿವಿ ಮೊದಲೇ ಮಂದ. ನಿಮಗೆ ಕೇಳಿಸಿತಾ ಎಂದರೆ, ತಮಗೆ ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳಲಾರದೆ, "ಹ್ಞೂಂ, ಚೆನ್ನಾಗೇ ಕೇಳಿಸ್ತು" ಅಂದುಬಿಟ್ಟರು. ಮಗಳನ್ನು ಕೇಳಬಹುದಿತ್ತು. ಕೇಳಿದ್ದರೆ ಮಾರನೆಯ ದಿನವೇ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದಳು. ಸುಮ್ಮನಾದೆ.

ಕುಣಿಗಲ್‌ಗೆ ಹೋದ ದಿನ ಹಜಾರದ ತುಂಬ ಹೆಂಗಸರು. ಹುಡುಗಿ ಮಣೆಯ ಮೇಲೆ ಕೂತಿದ್ದಳು, ಮಡಿಲಲ್ಲಿ ಕಾಯಿ, ಬಾಳೆಹಣ್ಣು, ಎಲೆ ಅಡಿಕೆ. ಮೊದಲು ಅರಿಶಿನ ಹಚ್ಚಬೇಕಾದವರು ಮನೆಯ ಅಜ್ಜಿ. ಹುಡುಗಿಯ ಅಪ್ಪನ ತಾಯಿ. ಕಣ್ಣಿಗೆ ಪೊರೆ ಬಂದಿದೆ, ಕಿವಿ ಮಾತ್ರ ಚುರುಕು. ಅಜ್ಜಿ ಹುಡುಗಿಯ ಕೆನ್ನೆಗೆ ಕೈ ಇಟ್ಟು ಹಾಗೇ ನಿಂತರು. ಟಕ್ ಅನ್ನುವವರೆಗೆ ಕೈ ತೆಗೆಯಬೇಡಿ, ಕಣ್ಣು ಮಿಟುಕಿಸಬೇಡಿ ಎಂದು ಇಷ್ಟು ವರ್ಷ ಬೈದು ಬೈದು ಆ ಮನೆಯವರಿಗೆ ಕಲಿಸಿದ್ದು ನಾನೇ.

ನಾನು ಒತ್ತಿದೆ. ಅಜ್ಜಿ ನಿಂತೇ ಇದ್ದರು. ಇನ್ನೊಂದು ಸಲ ಒತ್ತಿದೆ. ಅಜ್ಜಿಯ ಕೈ ಕೆನ್ನೆಯಿಂದ ಕದಲಲಿಲ್ಲ. ಹುಡುಗಿ ಉಸಿರು ಬಿಗಿಹಿಡಿದು ಕೆಂಪಾಗಿದ್ದಳು.

"ಹೊಡುದ್ಯಾ?" ಅಂದರು ಅಜ್ಜಿ, ತುಟಿ ಅಲ್ಲಾಡಿಸದೆ.

"ಆಯ್ತು ಕಣವ್ವ, ಕೈ ಇಳ್ಸಿ."

"ಟಕ್ ಅನ್ನಲಿಲ್ವಲ್ಲ. ಮಿಂಚಲೂ ಇಲ್ಲ."

ಆಗ ನನಗೆ ತಿಳಿಯಿತು. ನನ್ನ ಕಿವಿ ನೆಟ್ಟಗಿದೆ, ಕ್ಯಾಮೆರಾಕ್ಕೇ ಬಾಯಿ ಇಲ್ಲ. ಇಷ್ಟು ಜನರ ಮುಂದೆ ಅದಕ್ಕೆ ಸಂತೋಷಪಡುವ ಹಾಗೂ ಇರಲಿಲ್ಲ. "ಇದು ಹೊಸ್ದು ಕಣವ್ವ, ಸದ್ದು ಮಾಡಲ್ಲ" ಅಂದೆ.

"ಸದ್ದು ಮಾಡ್ದಿದ್ರೆ ತೆಗೀತು ಅಂತ ಹೆಂಗೆ ಗೊತ್ತಾಗ್ಬೇಕು? ಸುಳ್ಳು ಹೇಳ್ಬೇಡ, ಕೆಟ್ಟೋಗದೆ" ಅಂದರು ಅಜ್ಜಿ. ಕೈ ಇಳಿಸಲಿಲ್ಲ.

ಹುಡುಗಿಯ ತಾಯಿ ಹತ್ತಿರ ಬಂದು ಕ್ಯಾಮೆರಾವನ್ನು ನೋಡಿ ದನಿ ತಗ್ಗಿಸಿದರು. "ಅಮ್ಮ, ದೊಡ್ಡ ಕ್ಯಾಮೆರಾ ಎಲ್ಲಿ? ಬೀಗರು ಬಂದವ್ರೆ. ಇದನ್ನ ನೋಡಿ, ಮೊಬೈಲಲ್ಲಿ ತೆಗೆಸ್ತಾವ್ರೆ ಅನ್ಕೊಳಲ್ವಾ?"

ದೊಡ್ಡದು ಅಂಗಡಿಯವರ ಕಪಾಟಿನಲ್ಲಿತ್ತು. ಮಗಳಿಗೆ ಫೋನ್ ಮಾಡೋಣವೆಂದರೆ ಅವಳು ವಸಂತನರಸಾಪುರದ ಫ್ಯಾಕ್ಟರಿಯಲ್ಲಿ. ಅಲ್ಲಿ ಫೋನನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಾರೆ. ಹೊರಗೆ ಜಗಲಿಯ ಮೇಲಿದ್ದ ಯಜಮಾನರನ್ನು ಕೇಳಿದ್ದರೆ ಚೆನ್ನಾಗೇ ಕೇಳಿಸುತ್ತಿದೆ ಎನ್ನುತ್ತಿದ್ದರು.

ಕ್ಯಾಮೆರಾವನ್ನು ಕಣ್ಣಿಗೆ ಹಿಡಿದೆ, ಗುಂಡಿ ಒತ್ತಿದೆ, ಜೊತೆಗೆ ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿ ಟಕ್ ಎಂದು ಬಿಟ್ಟೆ. ಅಲುಗಾಡದೆ ನಿಂತಿದ್ದ ಹೆಂಗಸರೆಲ್ಲ ಒಟ್ಟಿಗೆ ಅಲುಗಿದರು, ಹುಡುಗಿ ಉಸಿರು ಬಿಟ್ಟಳು. ಕೆಲಸ ಆಯಿತು ಎಂದು ನಾನಂದುಕೊಂಡೆ.

ಅಜ್ಜಿ ಮಾತ್ರ ಗೋಡೆಯ ಕಡೆ ತಿರುಗಿ, ಬಗ್ಗಿ, ಮಣೆಗೆ ಮೂರು ಸಲ ಬೆರಳು ಬಡಿದರು. "ಶಿವ ಶಿವ. ಹಲ್ಲಿ ನುಡೀತು. ಈಗ ಯಾರು ಏನಂದ್ರಿ?"

ಹಲ್ಲಿ ಲೊಚಗುಟ್ಟಿದರೆ ಆಗ ಆಡುತ್ತಿದ್ದ ಮಾತು ನಿಜವಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆಯ ಹಳಬರಲ್ಲಿ ಗಟ್ಟಿ. ಹುಡುಗಿಯ ಮುಖ ಮಿನುಗುತ್ತಿದೆ, ಹೆಣ್ಣುಮಗುವೇ ಎಂದು ಯಾರೋ ಅಂದಿದ್ದರಂತೆ. "ಹಂಗಾರೆ ಹೆಣ್ಣೇ ಬುಡು" ಅಂದರು ಅಜ್ಜಿ. ಮುಂದಿನ ಟಕ್ ಬಿದ್ದಾಗ ಹುಡುಗಿಯ ಚಿಕ್ಕಮ್ಮ ಅಡಿಗೆಮನೆಯಿಂದ ಬಂದು, ಸಾರಿಗೆ ಉಪ್ಪು ಹೆಚ್ಚಾಗಿದೆ ಎನ್ನುತ್ತಿದ್ದಳು. ಅಜ್ಜಿ ಮತ್ತೆ ಮಣೆ ಬಡಿದರು. "ಅದೂ ದಿಟ. ನಂಗೆ ವಾಸ್ನೇಲೇ ಗೊತ್ತಾಯ್ತು." ಅಡಿಗೆಯವಳು ಸೌಟು ಹಿಡಿದೇ ಬಂದು ಗೋಡೆಯಲ್ಲಿ ಹಲ್ಲಿ ಹುಡುಕಿದಳು. ನಾನು ಕೆಲಸದಲ್ಲಿ ಮುಳುಗಿದವಳ ಹಾಗೆ ಕ್ಯಾಮೆರಾದ ಹಿಂದೆ ಮುಖ ಇಟ್ಟಿದ್ದೆ. ಅಲ್ಲಿಂದಾಚೆಗೆ ಯಾರೂ ಮಾತಾಡದ ಸಮಯ ನೋಡಿ ಟಕ್ ಅನ್ನತೊಡಗಿದೆ. ಅಷ್ಟು ಹೆಂಗಸರು ಸೇರಿರುವ ಕಡೆ ಅಂಥ ಸಮಯ ಸಿಗುವುದು ಎಷ್ಟು ಕಷ್ಟ ಎಂದು ಅವತ್ತೇ ಗೊತ್ತಾಗಿದ್ದು.

ಬಳೆ ತೊಡಿಸುವುದು ಮುಗಿದ ಮೇಲೆ ಹುಡುಗಿಯ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. ಪಕ್ಕ ಎಂದರೆ ಅಜ್ಜಿ ಕಾಲು ಚಾಚಿ ಕೂತಿದ್ದ ಮೂಲೆಯೇ.

"ಬೇಜಾರ್ ಮಾಡ್ಕೋಬೇಡಿ ಅಮ್ಮ. ನಾಮಕರಣಕ್ಕೆ ನಮ್ ಮಗ ಬೇರೆ ಟೀಮ್ ನೋಡವ್ನೆ. ಡ್ರೋನು ಅದೂ ಇದೂ ತರ್ತಾರಂತೆ. ನಿಮ್ಗೂ ವಯಸ್ಸಾಯ್ತಲ್ಲ, ಆರಾಮಾಗಿರಿ."

ಬೇಡಿಕೊಳ್ಳುವುದು ನನಗೆ ಬರುವುದಿಲ್ಲ. ಸರಿ ಎಂದು ಬಾಯಿ ತೆಗೆಯುವಷ್ಟರಲ್ಲಿ ಮೂಲೆಯಿಂದ ಅಜ್ಜಿಯ ದನಿ ಬಂತು.

"ಯಾವ ಟೀಮೇ? ಬಾಣಂತಿ ಕ್ವಾಣೆಗೆ ಗಂಡುಸ್ರನ್ನ ಬುಟ್ಕೊಂತೀಯಾ? ಇವ್ಳೇ ಬರ್ತಾಳೆ ನಾಮಕರಣಕ್ಕೆ."

ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ಯೋಚಿಸಿಲ್ಲ. ಕ್ಯಾಮೆರಾವನ್ನು ಕಣ್ಣಿಗೆ ಏರಿಸಿದೆ. ಎದುರಿಗೆ ಇದ್ದದ್ದು ಖಾಲಿ ಬಾಗಿಲು. ಗುಂಡಿ ಒತ್ತಲೂ ಇಲ್ಲ. ನಾಲಿಗೆ ಮಾತ್ರ ಬಿಟ್ಟೆ, ಅವತ್ತಿನ ಎಲ್ಲ ಸದ್ದಿಗಿಂತ ಜೋರಾಗಿ.

ಅಜ್ಜಿ ನೆಲ ಬಡಿದರು. "ಕೇಳುದ್ಯಾ? ನುಡೀತು. ಇನ್ನು ನೀನುಂಟು ನಿನ್ ಮಗ ಉಂಟು."

ಹುಡುಗಿಯ ತಾಯಿ ಗೋಡೆ ನೋಡಿದರು. ಮೇಲೆ ಸೂರು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಸೆರಗಿನಲ್ಲಿ ಲೆನ್ಸು ಒರೆಸುತ್ತಿದ್ದೆ.

ಹೊರಡುವಾಗ ಬಾಗಿಲವರೆಗೂ ಬಂದು ತಾಂಬೂಲ ಕೊಟ್ಟರು. "ಅಮ್ಮ, ನಮ್ಮನೇಲಿ ಹಲ್ಲಿ ಇಲ್ಲ. ಪುಟ್ಟಿ ಹಾಕ್ಸಿ ಪೇಂಟ್ ಮಾಡ್ಸಿ ತಿಂಗ್ಳಾಗಿಲ್ಲ."

"ಇಲ್ದೆ ಇರ್ಬೋದು" ಅಂದೆ.

"ವಯಸ್ಸಾದವ್ರ ಹತ್ರ ಸುಳ್ಳು ನುಡಿಸ್ಬೋದಾ?"

"ನೀವು ಕರುದ್ರೆ ಸುಳ್ಳು ಹೆಂಗಾಗ್ತದೆ? ಕರೀದಿದ್ರೆ ತಾನೇ ಸುಳ್ಳು" ಅಂದೆ.

ಅವರು ಇನ್ನೊಮ್ಮೆ ಗೋಡೆ ನೋಡಿ ಒಳಗೆ ಹೋದರು. ಬಸ್ಸಿನಲ್ಲಿ ಯಜಮಾನರಿಗೆ ಎಲ್ಲ ಹೇಳಿದೆ. ಗಟ್ಟಿಯಾಗಿ ಹೇಳಬೇಕಾದ್ದರಿಂದ ಅರ್ಧ ಬಸ್ಸಿಗೆ ಗೊತ್ತಾಯಿತು. "ಮೂವತ್ತು ವರ್ಷ ಕೈ ಕೆಲ್ಸ ಮಾಡಿ ಕೊನೇಗೆ ಬಾಯಿಗೆ ಬಂದ್ಯಲ್ಲೇ" ಅಂದರು. ಊರು ಬರುವವರೆಗೂ ಆಗಾಗ ನನ್ನ ಕಿವಿಯ ಹತ್ತಿರ ಟಕ್ ಟಕ್ ಅನ್ನುತ್ತಿದ್ದರು. ತಮಗೆ ಅದು ಕೇಳಿಸುತ್ತಿತ್ತೋ ಇಲ್ಲವೋ.

ಆಲ್ಬಮ್ ಕಳಿಸಿ ತಿಂಗಳಾದರೂ ಕುಣಿಗಲ್‌ನಿಂದ ಮಾತಿರಲಿಲ್ಲ. ಮಗಳು ಕ್ಯಾಮೆರಾದಲ್ಲಿ ಸದ್ದು ಬರುವ ಹಾಗೆ ಮಾಡಿಕೊಟ್ಟಳು. ಸದ್ದು ನಿಲ್ಲಿಸುವುದು, ಮತ್ತೆ ಹಾಕುವುದು ಹೇಗೆಂದು ಪರದೆಯ ಮೇಲಿನ ಚಿತ್ರ ಗುರುತಿಟ್ಟು ನಾನೇ ಕಲಿತೆ. ಕಲಿತು ಏನು ಮಾಡಲಿ ಎಂದುಕೊಂಡಿರುವಾಗ ಆ ತಾಯಿಯ ಫೋನ್ ಬಂತು. ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ ಅಂದರು. "ಹೊರಗಿಂದು ಟೀಮ್‌ನವ್ರದು, ಒಳಗಿಂದು ನಿಮ್ದು. ಅತ್ತೆ ಬುಡ್ತಾ ಇಲ್ಲ."

ಅರ್ಧ ಸಿಕ್ಕಿತು. ಹೋದೆ. ಹೊರಗೆ ಡ್ರೋನು ಜೇನಿನ ಹಾಗೆ ಗುಂಯ್ ಅನ್ನುತ್ತಿತ್ತು, ಬಂದವರೆಲ್ಲ ಆಕಾಶ ನೋಡಿ ಕೈ ಬೀಸುತ್ತಿದ್ದರು. ಕೋಣೆಯಲ್ಲಿ ಹುಡುಗಿ, ಮಗು, ಅಜ್ಜಿ, ನಾನು. ಮಗು ಆಗಷ್ಟೇ ಕಣ್ಣು ಮುಚ್ಚಿತ್ತು. ಈ ಹುಡುಗಿಯ ನಾಮಕರಣದಲ್ಲಿ ನನ್ನ ಕ್ಯಾಮೆರಾದ ಸದ್ದಿಗೂ ಮಿಂಚಿಗೂ ಅವಳು ಚೀರಿ ಚೀರಿ, ಆಲ್ಬಮ್ ತುಂಬ ತೆರೆದ ಬಾಯಿಯೇ ಇತ್ತು. ನಾನು ಕ್ಯಾಮೆರಾದ ಸದ್ದು ನಿಲ್ಲಿಸಿ ಕೆಲಸ ಶುರು ಮಾಡಿದೆ. ಮುಷ್ಟಿ, ಕಿವಿ, ಕಾಲಿನ ಬೆರಳು, ತೊಟ್ಟಿಲ ಹಗ್ಗ ಹಿಡಿದ ಅಜ್ಜಿ. ಒಂದೇ ಕೈಯಲ್ಲಿ ಹಿಡಿದು ಬಗ್ಗಿದೆ, ಕತ್ತು ಹಿಡಿಯಲಿಲ್ಲ. ನಲವತ್ತು ಫೋಟೊ ಆದರೂ ಮಗು ಏಳಲಿಲ್ಲ.

ಹುಡುಗಿಯ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ವರ್ಷ ತುಂಬೋದಕ್ಕೆ ಛತ್ರ ನೋಡ್ತಾ ಇದೀವಿ. ಒಳಗೂ ಹೊರಗೂ ನೀವೇ ಬನ್ನಿ" ಅಂದರು, ಮಗು ಏಳದ ಹಾಗೆ ಮೆಲ್ಲಗೆ.

ಇನ್ನೊಂದು ವರ್ಷ ಈ ಕತ್ತು ಹೇಗಿರುತ್ತದೋ, ನಾನೇ ಇರುತ್ತೇನೋ ಇಲ್ಲವೋ. ಅದನ್ನೆಲ್ಲ ಅವರಿಗೆ ಯಾಕೆ ಹೇಳಲಿ. ಬರ್ತೀನಿ ಅಂದೆ.