ಅವ್ವನ ಆಮೇಲೆ

ಚಳ್ಳಕೆರೆಯ ಬಾಡಿಗೆ ಮನೆಯಲ್ಲಿ ಕೂತು ಶಾಲೆಯ ಮಕ್ಕಳ ಇಂಗ್ಲಿಷ್ ಪೇಪರ್ ತಿದ್ದುತ್ತಿದ್ದೆ. ನಿನ್ನೆ ಮಾಡಿದ್ದನ್ನೆಲ್ಲ ವೆನ್, ಆಫ್ಟರ್, ಬಿಫೋರ್ ಸೇರಿಸಿ ಬರೆಯಿರಿ ಎಂದರೆ ಎಲ್ಲರೂ ಬರೀ ದೆನ್ ಬರೆದಿದ್ದಾರೆ. ಎದ್ದೆ, ದೆನ್ ನೀರು ತಂದೆ, ದೆನ್ ಕಸ ಗುಡಿಸಿದೆ. ಕೆಂಪು ಗೆರೆ ಎಳೆದೂ ಎಳೆದೂ ಕೈ ಸೋತಿತ್ತು.

ನಮ್ಮವ್ವನೂ ಹೀಗೇ, ಆಮೇಲೆ, ಆಮೇಲೆ ಎಂದು ಸೇರಿಸಿ ಹೇಳುತ್ತಿದ್ದಳು. ಮೊಳಕಾಲ್ಮೂರಿನ ಮನೆಯಲ್ಲಿ ಸೀರೆಯ ಮಗ್ಗದ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆ ಸೇರಿಸಿ ಹೊಸೆಯುವುದು ಅವಳ ಕೆಲಸ. ರೇಷ್ಮೆ ಜಾರದಿರಲೆಂದು ಬೆರಳಿಗೆ ಒಲೆಯ ಬೂದಿ ಹಚ್ಚಿಕೊಳ್ಳುತ್ತಿದ್ದಳು. ಸಾವಿರಾರು ಎಳೆ. ಬೇಸರ ಕಳೆಯಲು ಪಕ್ಕದಲ್ಲಿ ಕೂತ ನನಗೆ ತನ್ನ ಕಥೆ ಹೇಳುತ್ತಿದ್ದಳು.

"ಏಳನೇ ಕ್ಲಾಸು ಪಾಸಾದೆ ಕಣೆ. ಇವಳನ್ನ ಮುಂದಕ್ಕೆ ಓದಿಸ್ರಿ ಅಂತ ಮೇಷ್ಟ್ರು ಮನೆಗೇ ಬಂದಿದ್ರು. ಆಮೇಲೆ..."

ಅಷ್ಟರಲ್ಲಿ ಒಂದು ಎಳೆ ಹರಿಯುತ್ತಿತ್ತು. ಬಗ್ಗಿ ಅದರ ತುದಿ ಹುಡುಕುತ್ತಿದ್ದಳು. ಸಿಕ್ಕಿದ ಮೇಲೆ ಬೇರೆ ಯಾವುದೋ ಮಾತು ಶುರುವಾಗುತ್ತಿತ್ತು. ಯಾವಾಗಲೂ ಆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಪೇಪರ್ ಬದಿಗಿಟ್ಟು ಅವಳಿಗೆ ಫೋನ್ ಮಾಡಿದೆ.

"ಅವ್ವ, ಏಳನೇ ಕ್ಲಾಸು ಪಾಸಾದ್ಮೇಲೆ ಏನಾತು?"

"ಏನಾಗ್ತೈತೆ, ಎಳೆ ಹೊಸೆಯಾಕೆ ಕುಂತೆ," ಎಂದಳು. "ನೀನು ಉಂಡ್ಯಾ?"

ಉಂಡೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಮುಂದಿನ ಪೇಪರ್ ಎಳೆದುಕೊಂಡೆ. ಅದರಲ್ಲೂ ಪುಟದ ತುಂಬಾ ದೆನ್. ಒಂದಕ್ಕೂ ಗೆರೆ ಎಳೆಯದೆ ಮಾರ್ಕ್ಸ್ ಹಾಕಿದೆ.